ಹಡಗಿನಲ್ಲಿ ನಿಮ್ಮ ಹಾಸಿಗೆ

ನೊಮುಸಾಳ ಅಪ್ಪನವರ ಸನ್ನಿಧಾನಕ್ಕೆ,

ಶುಕ್ರವಾರ ಡರ್ಬನ್ನಿನಿಂದ ಪ್ರವಾಸದ ಹಡಗು ಹೊರಡುತ್ತದೆ, ನಾನೂ ಹೊರಡುತ್ತೇನೆ. ಶೋಕದ ಅವಧಿ ಮುಗಿಯಿತು, ವಿಧವೆಯ ಕಪ್ಪುಬಟ್ಟೆ ಸುಟ್ಟಾಯಿತು, ಪೆಟ್ಟಿಗೆಗೆ ಕೆಂಪು ಈಜುಡುಗೆ ಸೇರಿತು. ಬೆಳಿಗ್ಗೆ ನಿಮ್ಮ ತಂಗಿ ಥೆಂಬೆಕಿಲೆ ಬಂದು ಟಿಕೆಟ್ಟು ನೋಡಿ ಮೂಗು ಮುರಿದಳು.

"ಒಬ್ಬಳೇ ಹೋಗೋಳಿಗೆ ಎರಡು ಹಾಸಿಗೆ ಯಾಕೆ ಅತ್ತಿಗೆ? ಒಂದರಲ್ಲಿ ನಾನು ಮಲಗ್ತೀನಪ್ಪ."

"ನಿಮ್ಮಣ್ಣ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಅವರ ಆತ್ಮಾನ ಮುಳ್ಳುಮರದ ಕೊಂಬೇಲಿ ಕೂರಿಸಿ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರುವಾಗ, ಟ್ಯಾಕ್ಸೀಲಿ ಅವರಿಗೇ ಅಂತ ಸೀಟು ಹಿಡಿದವಳು ನೀನೇ ಅಲ್ವೇನೇ? ಟ್ಯಾಕ್ಸೀಲಿ ಸೀಟು ಬೇಕಾದವರಿಗೆ ಹಡಗಲ್ಲಿ ಹಾಸಿಗೆ ಬೇಡ್ವಾ?" ಅಂದೆ.

 ನಾನು ಅದೇ ಮುಳ್ಳುಮರದಿಂದ ಹೊಸ ಕೊಂಬೆ ಮುರಿದು, ನಿಮ್ಮನ್ನು ಕರೆದು ಅದರಲ್ಲಿ ಕೂರಿಸಿ, ನಿಮ್ಮ ಟೋಪಿಯಲ್ಲಿ ಸುತ್ತಿಟ್ಟೆ. ನೀರು ಕಂಡರೆ ತಲೆ ಸುತ್ತುವ ತಮಗೆ ಕಿಟಕಿಯ ಪಕ್ಕದ ಹಾಸಿಗೆಯೇ ಸಿಕ್ಕಿದೆ.

"ಮುಂದಿನ ವರ್ಷ ಹೋಗೋಣ" ಎನ್ನುತ್ತಲೇ ದಾಂಪತ್ಯವಿಡೀ ಕಳೆದಿರಿ. ಈ ಸಲ ನಿಮ್ಮನ್ನು ಕೇಳುವ ಮಾತೇ ಇಲ್ಲ. ಕೊಂಬೆ ನನ್ನ ಕೈಯಲ್ಲಿದೆ.