ಬೇಕೆಂದೇ ಮಸುಕಾಗಿಸಿದ ಮೀರಾ ನಕ್ಷತ್ರದ ಚಿತ್ರಗಳ ಬಗ್ಗೆ

ಸ್ಪಷ್ಟತೆಯನ್ನೇ ವ್ರತವಾಗಿಸಿಕೊಂಡ ಮಾನ್ಯ ಪರಿಶೀಲನಾಧಿಕಾರಿಗಳೇ,

ಬೆಳ್ತಂಗಡಿಯ ನಿಮ್ಮ ತಾಲೂಕು ಕಚೇರಿ ನನ್ನ ಊರಿನವಳೂ ಸಹಪಾಠಿಯೂ ಆದ ಮೋಕ್ಷಿತಾಳಿಗೆ ಕಾಲೇಜು ಪ್ರಾಜೆಕ್ಟಿಗೆಂದು ಎರವಲು ಕೊಟ್ಟ ಕ್ಯಾಮೆರಾವನ್ನು ಈ ಶನಿವಾರ ಹಿಂಪಡೆಯುತ್ತದಂತೆ. ಕಾರಣ: ‘ಚಿತ್ರಗಳು ಮಸುಕಾಗಿವೆ.’ ಸ್ವಾಮಿ, ಮಸುಕಾಗಿಸಿದ್ದೇ ಅವಳ ವಿಜ್ಞಾನ!

ಮೀರಾ ಎಂಬ ನಕ್ಷತ್ರ ಉಬ್ಬುತ್ತ ಕುಗ್ಗುತ್ತ, ತಿಂಗಳುಗಟ್ಟಲೆ ಎಳೆದು ಬೆಳಗಿ, ಮತ್ತೆ ತಿಂಗಳುಗಟ್ಟಲೆ ಎಳೆದು ಮಂಕಾಗುತ್ತದೆ. ನಿಮ್ಮ ಕಡತಗಳ ಹತ್ತಿರದ ಸಂಬಂಧಿ. ಈಗ ಅದರ ಬೆಳಕು ಏರುತ್ತಿದೆ. ಅದನ್ನು ಅಳೆಯಲು ಯಾವ ವಿಧಾನ ಮೇಲು ಎಂಬುದೇ ಮೋಕ್ಷಿತಾಳ ಪ್ರಾಜೆಕ್ಟು. ಬರಿಗಣ್ಣಿನಲ್ಲಾದರೆ ನೆರೆಯ ನಕ್ಷತ್ರಗಳ ಜತೆ ಹೋಲಿಸಿ ಅಂದಾಜಿಸಬೇಕು. ಆದರೆ ಮೀರಾದಂಥ ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಬೆಳಗಿದಂತೆ ಕಾಣುತ್ತದೆ; ನಮ್ಮೂರು ಕೊಕ್ಕಡದ ಗದ್ದೆಯಲ್ಲಿ ಅವಳ ಕಣ್ಣಿಗೂ ನನ್ನ ಕಣ್ಣಿಗೂ ದಿನಾ ಜಗಳ. ನನ್ನ ಮೊಬೈಲಂತೂ ಮಂಕಾದದ್ದನ್ನೆಲ್ಲ ತಾನೇ ಬೆಳಗಿಸಿ, ಡಿಸೆಂಬರಿನ ಮೀರಾಕ್ಕೂ ಜನವರಿಯ ಮೀರಾಕ್ಕೂ ಒಂದೇ ಮೇಕಪ್ಪು ಹಚ್ಚಿತು. ಉಳಿದದ್ದು ನಿಮ್ಮ ಕ್ಯಾಮೆರಾ. ಸೆಟ್ಟಿಂಗ್ ಬದಲಿಸದೆ ಫೋಕಸನ್ನಷ್ಟೇ ತುಸು ತಪ್ಪಿಸಿದರೆ ಬೆಳಕು ಒಂದೇ ಚುಕ್ಕಿಯಲ್ಲಿ ಕಿಕ್ಕಿರಿಯದೆ ಬಿಲ್ಲೆಯಾಗಿ ಹರಡುತ್ತದೆ. ನೆರೆಯ ನಕ್ಷತ್ರದ ಬಿಲ್ಲೆಯೊಡನೆ ಅದನ್ನು ತೂಗಬಹುದು. ಏರಿಕೆ ಸರಿಯಾಗಿ ಸಿಕ್ಕಿದ್ದು ಇದರಲ್ಲಿ ಮಾತ್ರ.

ಇದನ್ನು ವಿವರಿಸಲು ನಾವು ನಿಮ್ಮ ಕಚೇರಿಗೇ ಬಂದಿದ್ದೆವು.

“ಬೇಕಂತಲೇ ಬ್ಲರ್ ಮಾಡಿದ್ದು ಸರ್,” ಎಂದಳು ಮೋಕ್ಷಿತಾ.

“ಬೇಕಂತಲೇ ಹಾಳು ಮಾಡಿದ್ದಾ? ಸರಕಾರದ ಕ್ಯಾಮೆರಾ ಮಾರಾಯ್ತಿ ಅದು!” ಎಂದರು ನಿಮ್ಮ ಸಿಬ್ಬಂದಿ. “ಚರಂಡಿಯದ್ದಾದರೂ ಫೋಟೋ ಕ್ಲಿಯರ್ ಇದ್ದರೆ ಮಾತ್ರ ಪಾಸು. ಲೊಕೇಶನ್ ಕೂಡ ಬೇಕು.”

“ನಕ್ಷತ್ರದ್ದಾ?” ಎಂದೆ ನಾನು.

“ಮತ್ತೆ ಯಾರದ್ದು, ನನ್ನದಾ?”

ಅಷ್ಟು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಜೆಯೇ ನಮ್ಮ ಕೋಳಿಗೂಡಿನ ಬಲ್ಬಿನ ಚೊಕ್ಕ ಚಿತ್ರವೊಂದನ್ನು, ಲೊಕೇಶನ್ ಸಮೇತ, ಅವಳ ಪ್ರಾಜೆಕ್ಟಿನ ಹೆಸರಿನಲ್ಲಿ ನಿಮ್ಮ ವಾಟ್ಸಾಪಿಗೆ ಸವಿನಯ ಸಮರ್ಪಿಸಿದೆ. ಮರುದಿನವೇ ಉತ್ತರ: ‘ಅನುಮೋದಿಸಲಾಗಿದೆ.’ ಕ್ಯಾಮೆರಾ ಹಿಂಪಡೆಯುವ ಆದೇಶ ಮಾತ್ರ ಹಾಗೇ ಉಳಿಯಿತು.

ಮೋಕ್ಷಿತಾ ನಗುತ್ತಾಳೆಂದುಕೊಂಡಿದ್ದೆ. “ನಿನಗೆ ತಮಾಷೆ. ಇನ್ನು ನನ್ನ ನಿಜವಾದ ಫೋಟೋ ಯಾರು ನಂಬ್ತಾರೆ? ದಾಖಲೆಯಲ್ಲಿ ಈಗ ಮೀರಾ ಅಂದ್ರೆ ನಿಮ್ಮ ಕೋಳಿಗೂಡು!” ಎಂದು ಎದ್ದು ಹೋದಳು.

ಆದ್ದರಿಂದ ಒತ್ತಾಯಿಸುತ್ತೇನೆ: ಆ ಬಲ್ಬನ್ನು ಕೂಡಲೇ ತಿರಸ್ಕರಿಸಿ. ಕಿತಾಪತಿ ನನ್ನದು, ಶಿಕ್ಷೆಯೂ ನನಗಿರಲಿ. ಅವಳ ಮಸುಕು ಚಿತ್ರಗಳನ್ನು ಸ್ವೀಕರಿಸಿ, ಫೆಬ್ರವರಿ ಮುಗಿಯುವವರೆಗೆ ಕ್ಯಾಮೆರಾ ಅವಳಲ್ಲೇ ಬಿಡಿ. ಶನಿವಾರ ಕೊಂಡೊಯ್ದರೆ ಮೀರಾ ಅತಿ ಹೆಚ್ಚು ಬೆಳಗುವ ದಿನಗಳೇ ಅವಳಿಗೆ ತಪ್ಪುತ್ತವೆ. ಹನ್ನೊಂದು ತಿಂಗಳು ಕಳೆದು ಅದು ಮತ್ತೆ ಅಷ್ಟು ಬೆಳಗುವ ಹೊತ್ತಿಗೆ ನಮ್ಮ ಡಿಗ್ರಿಯೇ ಮುಗಿದಿರುತ್ತದೆ. ನಕ್ಷತ್ರಕ್ಕೆ ನಿಮ್ಮ ಸಹಿಗಾಗಿ ಕಾಯುವ ಅಭ್ಯಾಸವಿಲ್ಲ.

ಇಂತಿ,
ಕಾಲೇಜಿಗೆ ಹೋಗುವ ಮೂಡುಬಿದಿರೆ ಬಸ್ಸಿನಲ್ಲಿ, ಅವಳು ಕೂರುತ್ತಿದ್ದ ಪಕ್ಕದ ಸೀಟು ಸದ್ಯ ಖಾಲಿಯಿರುವ
ನಿತೇಶ್, ಕೊಕ್ಕಡ