ಬಿಟ್ಟನೆಲದಲ್ಲಿ ಚೆಲ್ಲಿದ ಚರಗ

ಇಸವಿ ೨೨೯೧, ಸೀಗಿ ಹುಣ್ಣಿಮೆಯಾದ ಮೂರನೇ ದಿನ

ಇನ್ನೂ ಮಣ್ಣಿನ ಮೇಲೆ ಬದುಕಿರುವ ನಮ್ಮ ಹಿರಿಯರಿಗೆ ಹುಲಿಗೆವ್ವ ಮಾಡುವ ಶರಣು.

ತಾರೀಖು ನೋಡಿ ಯಾವಳೋ ಹುಚ್ಚಿಯ ಕಾಗದ ಅಂದುಕೊಳ್ಳಬೇಡಿ. ನನ್ನ ಮಾತು ಒರಟಾಗಿ ಕೇಳಿಸಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಇಷ್ಟು ವರ್ಷಕ್ಕೆ ಮಾತೂ ಸವೆಯುತ್ತದೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿನ್ನಡೆ ಅಂಚೆ ನಮ್ಮಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಸಲ. ಎಲ್ಲರೂ ಅದನ್ನು ಸತ್ತ ಅವ್ವನಿಗೋ ಅಪ್ಪನಿಗೋ ಬರೆಯಲು ಇಟ್ಟುಕೊಳ್ಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಕೈಯಿಂದ ಆಗಬಾರದ್ದು ಆಗಿಹೋಗಿದೆ.

ನಾವಿರುವುದು ಅಟ್ಟದೂರಿನಲ್ಲಿ, ಮನೆಯ ಮೇಲೆ ಮನೆ, ಅರವತ್ತು ಅಂತಸ್ತು. ಜೋಳ ಸಜ್ಜೆ ಬೆಳೆಯುವುದು ತಟ್ಟೆಹೊಲದಲ್ಲಿ. ಒಂದು ತಟ್ಟೆ ನೀರು, ಮೇಲೊಂದು ದೀಪ, ಮುಗಿಯಿತು ಒಕ್ಕಲುತನ. ಬಳ್ಳಾರಿ ಸೀಮೆಯ ಆಚೆ ತುದಿಯಲ್ಲಿ ಒಂದು ಹುಲ್ಲುಗಾವಲು ಮಾತ್ರ ಯಾರೂ ಉಳದೆ ಉಳಿದಿದೆ. ಅದನ್ನು ಬಿಟ್ಟನೆಲ ಎನ್ನುತ್ತೇವೆ. ನೋಡಲು ಸರದಿ ಬರಬೇಕು. ನನಗೆ ಬಂದದ್ದು ಐವತ್ತೆಂಟನೇ ವಯಸ್ಸಿಗೆ. ಎರಡು ದಿನ ಬಂಡಿ, ಆಮೇಲೆ ಹನ್ನೆರಡು ಮೈಲಿ ನಡಿಗೆ. ದಾರಿಯುದ್ದಕ್ಕೂ ಒಂದು ಮರವಿಲ್ಲ, ಕುಡಿಯಲು ಹನಿ ನೀರಿಲ್ಲ. ಆದರೂ ಮದುವಣಗಿತ್ತಿಯ ಹಾಗೆ ಕುಣಿಯುತ್ತಾ ಹೋದೆ.

ಅಲ್ಲಿಯ ಕಾವಲುಗಾರ ಹೊನ್ನೂರಸಾಬ ಬಲು ಕಟ್ಟುನಿಟ್ಟಿನವನು. ಕಾಲು ತೊಳೆಸಿದ, ಹೊರಗಿನ ಬೀಜ ಒಂದೂ ಒಳಗೆ ಬರಬಾರದೆಂದು ಸೀರೆಯ ನೆರಿಗೆ ಕೊಡವಿಸಿದ. ಅವ್ವಾ, ಉಸಿರೂ ಮೆಲ್ಲಗ ಬಿಡು, ಎರೆಭೂತ ಕಾವಿಗೆ ಕುಂತೈತಿ ಅಂದ. ಹೆಸರಿಗೆ ಭೂತ, ಆದರೆ ಅದು ನನ್ನ ಸೊಂಟದೆತ್ತರದ ಹಕ್ಕಿ. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಇದು ಕೊನೆಯ ಹೆಣ್ಣು. ಗಂಡು ಮಳೆಗಾಲದಲ್ಲೇ ಸತ್ತಿತ್ತು. ಇನ್ನು ಆ ಒಂದು ಮೊಟ್ಟೆಯೇ ಎಲ್ಲ.

ಅವನು ಹುಡುಕಿದ್ದು ಬೀಜ, ಬೇಯಿಸಿದ ಅನ್ನವನ್ನಲ್ಲ. ನನ್ನ ಉಡಿಯಲ್ಲಿ ಚರಗವಿತ್ತು. ಸೀಗಿ ಹುಣ್ಣಿಮೆಗೆ ಭೂಮಿತಾಯಿ ಬಸುರಿ ಎಂದು ನೀವು ಹೊಲದ ತುಂಬಾ ಎಡೆ ಚೆಲ್ಲುತ್ತೀರಲ್ಲ, ಅದೇ. ನಾವು ಮೂರು ತಲೆಮಾರಿನಿಂದ ತಟ್ಟೆಯ ನೀರಿಗೆ ಒಂದು ಚಿಟಿಕೆ ಹಾಕಿ ಕೈಮುಗಿದವರು. ನಿಜವಾದ ಮಣ್ಣು ಕಂಡ ದಿನ ಚೆಲ್ಲದೆ ಬರಬೇಡ ಎಂದು ಅವ್ವ ಸಾಯುವಾಗ ಮಾತು ತೆಗೆದುಕೊಂಡಿದ್ದಳು. ಹೊನ್ನೂರಸಾಬ ನೀರು ತರಲು ಹೋದದ್ದೇ ತಡ, ಕಡುಬು, ಅನ್ನ, ಪುಂಡಿಪಲ್ಯ ಎಲ್ಲವನ್ನೂ ಹುಲ್ಲಿನ ಮೇಲೆ ಚೆಲ್ಲಿದೆ. ಕಣ್ಣಲ್ಲಿ ನೀರು ಬಂತು.

ಆಗ ಕಾಗೆ ಬಂದವು. ಮೊದಲು ಎರಡು, ಆಮೇಲೆ ಹತ್ತಾರು. ಎಡೆಗೆ ಕಾಗೆ ಬಂದರೆ ಹಿರಿಯರು ಬಂದಂತೆ ಎಂದು ಕೇಳಿದ್ದೆನಲ್ಲ, ಬನ್ರಪ್ಪಾ ಬನ್ರಿ ಎಂದು ಕರೆದೆ, ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ! ಉಣ್ಣುವಂಥದ್ದು ಏನೂ ಇಲ್ಲವೆಂದೇ ಅವು ಅಷ್ಟು ವರ್ಷ ಅತ್ತ ಸುಳಿದಿರಲಿಲ್ಲ. ಅನ್ನ ಮುಗಿಯಿತು. ಹಕ್ಕಿ ರೆಕ್ಕೆ ಬಡಿಯುತ್ತಾ ಒಂದನ್ನು ಅಟ್ಟಲು ಎದ್ದಿತು, ಇನ್ನೊಂದು ಮೊಟ್ಟೆಗೆ ಕುಕ್ಕಿತು. ನಾನು ಕಿರುಚಿಕೊಂಡು ಓಡುವಷ್ಟರಲ್ಲಿ ಚಿಪ್ಪು ಮಾತ್ರ ಇತ್ತು. ಹೊನ್ನೂರಸಾಬ ನೀರು ಹೊತ್ತು ಬಂದು ನೋಡಿದ. ಕೊಡ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತುಬಿಟ್ಟ.

ಮೂರು ದಿನವಾಯಿತು, ನಾನು ಊರಿಗೆ ಹೋಗಿಲ್ಲ, ಅಂಚೆ ಡಬ್ಬಿ ಇರುವ ಇಲ್ಲಿಯ ಕಾವಲುಮನೆಯಲ್ಲೇ ಇದ್ದೇನೆ. ನಿಮ್ಮ ಕಾಲದಲ್ಲಿ ಈ ಹಕ್ಕಿಗಳು ಇನ್ನೂ ಕೆಲವು ಇವೆಯಂತೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಅವು ಕೂರುವ ಬೀಳುಭೂಮಿಯನ್ನು ಉಳಬೇಡಿ, ಮೇಲೆ ಕರೆಂಟಿನ ತಂತಿ ಎಳೆಯಬೇಡಿ, ನೋಡಲು ಹೋದರೆ ಬುತ್ತಿ ಬಿಚ್ಚಬೇಡಿ. ಇನ್ನು ಒಂದೇ ಒಂದು ಜೋಡಿಯ ವಂಶವನ್ನಾದರೂ ನನ್ನ ಕಾಲಕ್ಕೆ ದಾಟಿಸಿ. ಈ ಕಾಗದವನ್ನು ಅಂಚೆಗೆ ಹಾಕಿದ ಕೂಡಲೇ ಹೊರಗೆ ಬಂದು ಹುಲ್ಲಿನತ್ತ ನೋಡುತ್ತೇನೆ. ಈಗ ಅಲ್ಲಿ ಒಂದೇ ಹಕ್ಕಿ, ಖಾಲಿ ನೆಲಕ್ಕೆ ಕಾವು ಕೊಡುತ್ತಾ ಕೂತಿದೆ. ನೀವು ಓದಿ ಮನಸ್ಸು ಮಾಡಿದ್ದರೆ, ನಾನು ತಿರುಗಿ ನೋಡುವಾಗ ಎರಡು ಇರಬೇಕು.