ಅಜ್ಜಿ ಹಾಕಿದ ಮಾರ್ಕು

೧೨ ಫೆಬ್ರವರಿ ೨೦೨೫, ಬುಧವಾರ

ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಇವತ್ತು ಪ್ರೊಫೆಸರ್ ಕ್ವಾಡ್ರಸ್ ಅವರ ಪಾಠವನ್ನೇ ನಿಲ್ಲಿಸಿದೆ!

ಬೆಳಿಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೊಂದಿಗೆ ಅಜ್ಜಿಯ ಮಂಚದ ಸುತ್ತ ನಿಂತು, ಅವರ ಕಾಲಿನ ಹುಣ್ಣು ತೋರಿಸಿ ಪಾಠ ಮಾಡುತ್ತಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ. ಅಜ್ಜಿ ಒಬ್ಬೊಬ್ಬರ ಮುಖ ನೋಡಿ ಬೆದರುತ್ತಿದ್ದರು. ಕಾಲನ್ನೇ ತೆಗೆಯುತ್ತಾರೆಂಬ ಹೆದರಿಕೆಯಲ್ಲಿ, ಆಪರೇಷನ್ ಬೇಡ, ನಮ್ಮೂರು ಕಾಪುವಿಗೆ ಹೋಗೋಣ ಎಂದು ನಿನ್ನೆಯಿಂದ ಹಟ.

"ಸರ್, ಮೊದಲು ಅವರಿಗೆ ಹೇಳಿ. ಅದು ರೋಗಿಯ ಹಕ್ಕು," ಅಂದೆ. ಎಲ್ಲೋ ಸಿಕ್ಕಿದ ಕಿರುಪುಸ್ತಿಕೆಯೊಂದರಲ್ಲಿ ಓದಿದ ಮಾತು.

"ನೀನು ಎಂತ ಓದುವುದು?"

"ಕಾಲೇಜು ಬಿಟ್ಟಿದ್ದೇನೆ ಸರ್. ಸಿಕ್ಕಿದ್ದೆಲ್ಲ ಓದುತ್ತೇನೆ."

ಅವರು ನಕ್ಕು ವಿದ್ಯಾರ್ಥಿಯೊಬ್ಬನ ಕಡೆ ತಿರುಗಿದರು. "ಪ್ರತೀಕ್, ಈ ಅಜ್ಜಿಗೆ ತುಳುವಿನಲ್ಲಿ ಹೇಳು. ಮಾರ್ಕು ಇವರೇ ಹಾಕಲಿ."

ಪ್ರತೀಕ್ ತಡವರಿಸಿದ. ಕೊನೆಗೆ ಶೂ ಕಳಚಿ ತನ್ನ ಕಿರುಬೆರಳನ್ನೇ ತೋರಿಸಿದ. ತೆಗೆಯುವುದು ಅದೊಂದನ್ನೇ.

"ಇಷ್ಟೆಯಾ ಮಾರಾಯ? ನಿನ್ನೆಯೇ ಹೇಳಲಿಕ್ಕೆ ನಿನಗೆ ಎಂತ ಆಗಿತ್ತು? ಫೇಲು!" ಎಂದರು ಅಜ್ಜಿ, ತುಳುವಿನಲ್ಲೇ.

ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರೊಫೆಸರ್. ಆಮೇಲೆ, "ಮುಂದಿನ ತಿಂಗಳು ನನಗೆ ನಿವೃತ್ತಿ. ಈ ಪರೀಕ್ಷೆಗೆ ನಾನೂ ಕೂತದ್ದಿಲ್ಲ," ಎಂದವರೇ ಪಕ್ಕದ ಮಂಚದ ಹೆಂಗಸಿನ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತರು. ನಿಧಾನವಾಗಿ ಕೊಂಕಣಿಯಲ್ಲಿ ಹೇಳತೊಡಗಿದರು. ಆಕೆ ಎದ್ದು ಕೂತು ಪ್ರಶ್ನೆ ಕೇಳಿದಳು!

ನಾಳೆ ಆಪರೇಷನ್. ಅಜ್ಜಿ ಒಪ್ಪಿದ್ದಾರೆ, ಆದರೆ ಆ ಫೇಲಾದ ಹುಡುಗ ಹತ್ತಿರ ಇರಬೇಕಂತೆ. ಈಗ ಗೊರಕೆ ಹೊಡೆಯುತ್ತಿದ್ದಾರೆ. ನನಗೆ ಎಲ್ಲಿಯ ನಿದ್ದೆ? ಈ ವಾರ್ಡಿನಲ್ಲಿ ಇನ್ನೂ ಎಷ್ಟು ಮಂಚಗಳಿವೆ, ನಾಳೆ ಒಬ್ಬೊಬ್ಬರನ್ನೂ ಕೇಳಬೇಕು, ನಿಮಗೆ ಯಾರಾದರೂ ನಿಮ್ಮ ಭಾಷೆಯಲ್ಲಿ ಹೇಳಿದ್ದಾರಾ ಅಂತ.